ಗುಡೇಕೋಟೆಯಲ್ಲಿ ರೆಕಾರ್ಡ್ ಮಾಡಿದ ಮೌನ

ನನ್ನ ಬರೆಯುವ ಮೇಜಿನ ಮೇಲೆ ಬಳೆಯಾಕಾರದ ಒಂದು ಕಪ್ಪು ಅಯಸ್ಕಾಂತವಿದೆ. ಯಾವುದೋ ಸತ್ತ ಸ್ಪೀಕರಿನ ಹೊಟ್ಟೆ ಬಗೆದು ತೆಗೆದದ್ದು. ಈಗ ಅದರ ಕೆಲಸ ಗುಂಡುಪಿನ್ನುಗಳನ್ನು ಹಿಡಿದಿಟ್ಟುಕೊಳ್ಳುವುದಷ್ಟೆ. ಮನೆಗೆ ಬಂದವರು ಮಾತಿನ ನಡುವೆ ಅದನ್ನು ಕೈಗೆತ್ತಿಕೊಂಡು, ಪಿನ್ನು ಕಿತ್ತು ಮತ್ತೆ ಅಂಟಿಸುತ್ತ ಕೂರುತ್ತಾರೆ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ "ಒಂದು ಸಿನಿಮಾಕ್ಕೆಂದು ಬಂದದ್ದು" ಎನ್ನುತ್ತೇನೆ. ನನ್ನ ಮುಖಕ್ಕೂ ಸಿನಿಮಾಕ್ಕೂ ಇರುವ ದೂರವನ್ನು ಕಣ್ಣಿನಲ್ಲೇ ಅಳೆದು ಅವರು ಮಾತು ಬದಲಿಸುತ್ತಾರೆ. ನೀವು ಹಾಗೆ ಮಾಡುವವರಲ್ಲ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಕೂಡ್ಲಿಗಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟರು. ಆಗ ನನಗೊಂದು ಕಾಯಿಲೆಯಿತ್ತು. ಯಾರು ಏನೇ ಹೇಳಿದರೂ "ಅದಕ್ಕೊಂದು ವೈಜ್ಞಾನಿಕ ಕಾರಣ ಇದೆ" ಎನ್ನುತ್ತಿದ್ದೆ. ಹೆಂಡತಿ ಗಿರಿಜಾ ತಲೆನೋವು ಎಂದರೂ ಇದೇ ಮಾತು. ನಾನು ಕಾರಣ ಹೇಳಿ ಮುಗಿಸುವಷ್ಟರಲ್ಲಿ ಅವಳ ತಲೆನೋವು ಇನ್ನಷ್ಟು ಏರಿರುತ್ತಿತ್ತು.

ಹೀಗಿರುವಾಗ ಒಂದು ದಿನ ಕೊಟ್ಟೂರಿನಿಂದ ಕೊಟ್ರೇಶ ಬಂದ. ನಾನೂ ಅವನೂ ಒಂದೇ ಊರಿನವರು, ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವನ ಮನೆತನದವರು ಕೊಟ್ಟೂರಿನಲ್ಲೊಂದು, ಹಗರಿಬೊಮ್ಮನಹಳ್ಳಿಯಲ್ಲೊಂದು ಟೆಂಟ್ ಸಿನಿಮಾ ನಡೆಸುತ್ತಿದ್ದರು. ಬಂದವನು ನೀರು ಕುಡಿಯುವ ಮೊದಲೇ ವಿಷಯಕ್ಕೆ ಬಂದ.

"ಲೇ ಮಾಸ್ತರ, ನಾನೊಂದು ಪಿಚ್ಚರ್ ತೆಗೀತೀನಿ. ಕಥಿ ನೀನು ಬರಿ. ವಿಜ್ಞಾನದ ಕಥಿ ಇರಬೇಕು."

"ಅಂದ್ರ ಎಂಥದು?"

"ಮಂದಿ ಹೆದರಬೇಕು, ಆದ್ರ ದೆವ್ವ ಇರಬಾರದು. ದೆವ್ವ ಬಂದ ಕೂಡ್ಲೆ ನಮ್ಮ ಟೆಂಟಿನಾಗ ಮಂದಿ ಬೀಡಿ ಹಚ್ಚಾಕ ಹೊರಗ ಹೋಗ್ತಾರ. ಅಷ್ಟು ರೂಢಿ ಆಗೇತಿ." ಆಮೇಲೆ ಸ್ವಲ್ಪ ಯೋಚಿಸಿ ಹೇಳಿದ: "ಇನ್ನೊಂದು ನೆನಪಿಟ್ಕ. ಖರೇದು ಹೆಚ್ಚಾತಂದ್ರ ನಿದ್ದಿ ಮಾಡ್ತಾರ. ಸುಳ್ಳು ಹೆಚ್ಚಾತಂದ್ರ ಎದ್ದು ಹೋಗ್ತಾರ. ಸಣ್ಣಾವಿದ್ದಾಗಿಂದ ಟೆಂಟಿನ ಬಾಗಲದಾಗ ನಿಂತು ನೋಡೀನಿ."

ಚಿತ್ರಕಥೆ ಬರೆಯುವ ಬಗ್ಗೆ ನನಗೆ ಸಿಕ್ಕ ಪಾಠ ಇದೊಂದೇ. ಹೆಚ್ಚು ಎಂದರೆ ಎಷ್ಟು ಎಂಬುದನ್ನು ಅವನು ಹೇಳಲಿಲ್ಲ.

ಕಥೆ ಎಲ್ಲಿಂದ ತರುವುದು ಎಂದು ವಾರಗಟ್ಟಲೆ ಒದ್ದಾಡಿದೆ. ಕೊನೆಗೆ ನೆನಪಾದದ್ದು ಕೊಟ್ಟೂರಿನ ನಮ್ಮ ಹಿತ್ತಿಲ ಬಾವಿ. ಮಟಮಟ ಮಧ್ಯಾಹ್ನ ಯಾರಾದರೂ ಒಂದೇ ಸಲ ಹೆಸರು ಹಿಡಿದು ಕರೆದರೆ ಓಗೊಡಬಾರದೆಂದು ಅಜ್ಜಿ ನಮಗೆಲ್ಲ ತಾಕೀತು ಮಾಡಿದ್ದಳು. ಎರಡನೆಯ ಸಲ ಕರೆದರೆ ಮನುಷ್ಯರು, ಆಗ ಹೋಗಬಹುದು. ಬೇಸಿಗೆಯ ರಜೆಯಲ್ಲಿ ಎಲ್ಲರೂ ಉಂಡು ಮಲಗಿದ್ದಾಗ ನಾನು ಬಾವಿಯ ಕಟ್ಟೆಗೆ ಹೊಟ್ಟೆ ಹಚ್ಚಿ ಬಗ್ಗಿ ನನ್ನ ಹೆಸರನ್ನು ನಾನೇ ಕೂಗುತ್ತಿದ್ದೆ. ಬಾವಿ ತಿರುಗಿ ಕೂಗುತ್ತಿತ್ತು. ಒಂದು ಮಧ್ಯಾಹ್ನ ಮಾತ್ರ ಕೂಗಿದ ತಕ್ಷಣ ಏನೂ ಬರಲಿಲ್ಲ. ಕಟ್ಟೆ ಬಿಟ್ಟು ನಾಲ್ಕು ಹೆಜ್ಜೆ ನಡೆದ ಮೇಲೆ ಬೆನ್ನ ಹಿಂದೆ ನನ್ನ ಹೆಸರು ಕೇಳಿತು. ಒಂದೇ ಸಲ. ನಾನು ಓಗೊಡಲಿಲ್ಲ. ಓಡಿಹೋಗಿ ಅಜ್ಜಿಯ ಸೀರೆ ಹಿಡಿದು ಮಲಗಿದೆ. ಇದಕ್ಕೂ ವೈಜ್ಞಾನಿಕ ಕಾರಣ ಇರಬೇಕು. ನಾನು ಹುಡುಕಲು ಹೋಗಿಲ್ಲ.

ಕಲ್ಲು ಮಾತನ್ನು ಹಿಡಿದಿಟ್ಟುಕೊಂಡರೆ? ಕಥೆಯ ಬೀಜ ಅದು. ನಮ್ಮ ತಾಲ್ಲೂಕಿನ ಗುಡೇಕೋಟೆಯ ಗುಡ್ಡಗಳಲ್ಲಿ ಕೆಲಸ ಮಾಡುವ ಒಬ್ಬ ಭೂವಿಜ್ಞಾನಿ. ಅಲ್ಲಿಯ ಬಂಡೆಗಳ ಒಳಗೆ, ಅವುಗಳ ಎದುರು ನೂರಾರು ವರ್ಷ ಜನ ಆಡಿದ ಮಾತೆಲ್ಲ ಕೂತಿದೆ. ಅವನ ಯಂತ್ರ ಅದನ್ನು ಹೊರಗೆ ತೆಗೆಯುತ್ತದೆ. ಕಲ್ಪನೆ ಸಲೀಸಾಗಿ ಬಂತು. ಆದರೆ ನಾನು ವಿಜ್ಞಾನದ ಮೇಷ್ಟರಲ್ಲವೆ? ಉದ್ದ ನೋಟ್‌ಬುಕ್ಕಿನ ಪ್ರತಿ ಪುಟಕ್ಕೂ ನಡುವೆ ಗೆರೆ ಎಳೆದು ಎಡಗಡೆ 'ನಿಜ', ಬಲಗಡೆ 'ಸುಳ್ಳು' ಎಂದು ಬರೆದೆ. ಎಡಗಡೆಯಲ್ಲಿ ಆಧಾರವಿಲ್ಲದೆ ಬಲಗಡೆ ಒಂದು ಸಾಲನ್ನೂ ಬರೆಯಕೂಡದು ಎಂದು ಶಪಥ ಮಾಡಿದೆ. ಬಳ್ಳಾರಿಯ ಗ್ರಂಥಾಲಯಕ್ಕೆ ಹೋಗಿ ಬಂದೆ. ಟೇಪಿನ ಕಂದು ಬಣ್ಣ ಕಬ್ಬಿಣದ ತುಕ್ಕಿನದೇ ಒಂದು ಜಾತಿ ಎಂದು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ತುಕ್ಕು ಮಾತು ಹಿಡಿಯುವುದಾದರೆ ಕಬ್ಬಿಣ ತುಂಬಿದ ಕಲ್ಲು ಯಾಕೆ ಹಿಡಿಯಬಾರದು? ಮನೆಯ ಪಡಸಾಲೆಯಲ್ಲಿ ಕಲ್ಲುಗಳು ಸೇರತೊಡಗಿದವು. ಗಿರಿಜಾ ಒಂದು ದಿನ ಕಸಬರಿಗೆ ಹಿಡಿದು ನಿಂತು ಕೇಳಿದಳು: "ಕಲ್ಲು ಮಾತಾಡ್ತಾವು ಅಂತ ಸುಳ್ಳು ಬರಿಯಾಕ ಇಷ್ಟು ಖರೇ ಕಲ್ಲು ಯಾಕ ಬೇಕ್ರಿ?"

ಆ ಕಲ್ಲುಗಳನ್ನು ಚೀಲಕ್ಕೆ ತುಂಬಿಕೊಂಡು ನಾನು ಹೋದದ್ದು ಮಾಬುಸಾಬರ ಅಂಗಡಿಗೆ.

ಮಾಬುಸಾಬರು ಕೂಡ್ಲಿಗಿಯ ರೇಡಿಯೋ ಮೆಕ್ಯಾನಿಕ್. ಐವತ್ತರ ಆಸುಪಾಸು, ತೆಳ್ಳನೆಯ ಮನುಷ್ಯ, ಮಾತು ಕಡಿಮೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹಸಿರು ಪರದೆ. ಟೇಪ್ ರೆಕಾರ್ಡರ್ ರಿಪೇರಿ ಮುಗಿದಾಗ ಅವರು ಮೈಕನ್ನು ಪರದೆಯ ಸಂದಿಯಿಂದ ಒಳಗೆ ಕೊಡುತ್ತಿದ್ದರು. ಒಳಗಿನಿಂದ ಅವರ ಹೆಂಡತಿ ಖೈರೂನ್‌ಬೀ ಏನಾದರೂ ಎರಡು ಮಾತು ಆಡಬೇಕು. ಅದನ್ನು ಕೇಳಿ ನೋಡಿ ಯಂತ್ರ ಪಾಸೋ ಫೇಲೋ ಎಂದು ತೀರ್ಮಾನ. ನಾನು ಕಥೆ ಬರೆಯಹೊರಟ ಹೊತ್ತಿಗೆ ಆಕೆ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಮಾಬುಸಾಬರು ತಾವೇ ಮೈಕಿನ ಮುಂದೆ ಎರಡು ಸಲ ಕೆಮ್ಮಿ ಕೇಳಿಕೊಳ್ಳುತ್ತಿದ್ದರು.

ಅವರು ನನ್ನ ಕಲ್ಲುಗಳನ್ನು ನೋಡಿ ನಗಲಿಲ್ಲ. ಸ್ಪೀಕರಿನಿಂದ ಬಿಚ್ಚಿದ ಆ ಅಯಸ್ಕಾಂತವನ್ನು ಒಂದೊಂದಕ್ಕೂ ತಾಗಿಸಿದರು. ಸಂಡೂರಿನ ಕಡೆಯಿಂದ ತರಿಸಿದ್ದ ಒಂದು ಕಲ್ಲು ಮಾತ್ರ ಸ್ವಲ್ಪ ಎಳೆಯಿತು. ಗುಡೇಕೋಟೆಯ ಕಲ್ಲುಗಳು ಸುಮ್ಮನೆ ಕೂತಿದ್ದವು.

"ಈ ಕಲ್ಲಾಗ ಕಬ್ಬಿಣ ಇಲ್ರಿ, ಮಾಸ್ತರ."

"ಕಥಿಯೊಳಗ ಐತಿ ಅಂತ ಬರದ್ರ?"

"ಬರೀರಿ. ಆದ್ರ ನೀವು ಬರದ್ರಿ ಅಂತ ಕಲ್ಲಿಗೆ ಗೊತ್ತಾಗಂಗಿಲ್ಲ." ಅಯಸ್ಕಾಂತವನ್ನು ನನ್ನ ಚೀಲಕ್ಕೇ ಹಾಕಿದರು. "ಇಟ್ಕೊಳ್ರಿ. ಅಲ್ಲೇ ಹೋಗಿ ಒಮ್ಮೆ ನೋಡೋಣು."

ಹೀಗೆ ಸಂಜೆಯ ಹೊತ್ತು ಅಲ್ಲಿ ಕೂರುವುದು ರೂಢಿಯಾಯಿತು. ರೆಕಾರ್ಡರಿನ ಮುಚ್ಚಳ ತೆಗೆದು ಒಳಗಿನದನ್ನೆಲ್ಲ ತೋರಿಸಿದರು. ಉಗುರಿನಷ್ಟು ದೊಡ್ಡ ಒಂದು ಲೋಹದ ತುಂಡನ್ನು ಮುಟ್ಟಿ ಹೇಳಿದರು: "ಇದು ಅಳಿಸೋ ಹೆಡ್ರಿ. ಹೊಸಾದು ತುಂಬಾಕ ಮೊದಲ ಹಳೇ ಮಾತನ್ನ ಇದು ಒರಸ್ತೈತಿ. ಇದು ಸುಸ್ತಾತಂದ್ರ ಪೂರಾ ಒರಸಂಗಿಲ್ಲ. ಒಣ ಬಟ್ಟಿಲೆ ಸ್ಲೇಟು ಒರಸಿದಂಗ, ಹಳೇದು ಅಡಿಗೆ ಉಳೀತೈತಿ." ನಾನು ಅದನ್ನು ಎಡಗಡೆಯ ಅಂಕಣದಲ್ಲಿ ಬರೆದುಕೊಂಡೆ. ಅದೇ ಸಂಜೆಯೋ ಮರುದಿನವೋ ಅವರಾಗಿಯೇ ಹೇಳಿದರು: "ಈ ತಾಲ್ಲೂಕಿನಾಗ ಅದೆಷ್ಟು ಮಷೀನಿನಾಗ ಅಕಿ ಮಾತಾಡ್ಯಾಳೋ. ಎಲ್ಲಾ ಅವರವರು ಒಯ್ದಾರ. ನನ್ನ ಕಡಿ ಒಂದೂ ಇಲ್ರಿ." ಆ ಮಾತನ್ನು ಯಾವ ಅಂಕಣದಲ್ಲೂ ಬರೆಯಲಿಲ್ಲ.

ಕಥೆಯಲ್ಲಿ ಒಂದು ಮುಖ್ಯ ದೃಶ್ಯ ಗುಡೇಕೋಟೆಯ ಕೋಟೆಯೊಳಗಿನ ಒಂದು ಕಲ್ಲುಕೋಣೆಯಲ್ಲಿ ನಡೆಯುತ್ತಿತ್ತು. ಹಿಂದೆ ದವಸ ತುಂಬುತ್ತಿದ್ದ ಕಣಜ ಅದು ಎನ್ನುತ್ತಿದ್ದರು. ಅಲ್ಲಿ ಮಾತು ಹೇಗೆ ಕೇಳುತ್ತದೆ, ಮೌನ ಹೇಗೆ ಕೇಳುತ್ತದೆ ಎಂದು ರೆಕಾರ್ಡ್ ಮಾಡಿ ತರಬೇಕೆಂದು ಹೊರಟೆವು. ಕೊಟ್ರೇಶ ತನ್ನ ರೆಕಾರ್ಡರ್ ಕಳಿಸಿದ. ಒಳಗಿದ್ದ ಕ್ಯಾಸೆಟ್ಟಿನ ಬಗ್ಗೆ "ಖಾಲಿ ಐತಿ, ಅದರಾಗೇ ಮಾಡ್ರಿ" ಎಂದು ಹೇಳಿ ಕಳಿಸಿದ್ದ. ಒಂದು ಭಾನುವಾರ ಬೆಳಿಗ್ಗೆ ಮಾಬುಸಾಬರ ಹಳೆಯ ಮೋಟಾರ್ ಸೈಕಲ್ಲಿನ ಹಿಂದೆ, ರೆಕಾರ್ಡರನ್ನು ಮಗುವಿನಂತೆ ತೊಡೆಯ ಮೇಲೆ ಹಿಡಿದು ಕೂತೆ.

ಗುಡೇಕೋಟೆ ತಲುಪಿ ಗುಡ್ಡ ಹತ್ತುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಒಂದರ ಮೇಲೊಂದು ಕೂತ ಬಂಡೆಗಳು, ನಡುವೆ ಕುರುಚಲು, ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಎಲ್ಲೋ ಒಂದು ಕೌಜುಗ ಕೂಗಿ ಸುಮ್ಮನಾಯಿತು. ಹೊರಗೆ ಕಣ್ಣು ಕೋರೈಸುವ ಬೆಳಕು, ಕಣಜದ ಒಳಗೆ ಕಾಲಿಟ್ಟರೆ ತಣ್ಣನೆಯ ಕತ್ತಲೆ. ನಾವು ಆಡಿದ ಮಾತು ಗೋಡೆ ಮುಟ್ಟಿ ತಿರುಗಿ ಬರುವಾಗ ನಮ್ಮದಾಗಿ ಉಳಿಯುತ್ತಿರಲಿಲ್ಲ. ಯಾರೋ ಅದನ್ನು ಬಾಯೊಳಗೆ ಹಾಕಿಕೊಂಡು ನೋಡಿ ಉಗುಳಿದಂತೆ ಇರುತ್ತಿತ್ತು.

ಮಾಬುಸಾಬರು ಗುಂಡಿ ಒತ್ತಿದರು. ನಾನು ನನ್ನ ಭೂವಿಜ್ಞಾನಿಯ ಮಾತನ್ನು ನಾಟಕದ ದನಿಯಲ್ಲಿ ಹೇಳಿದೆ: "ಇಲ್ಲಿ ಯಾರಾದರೂ ಇದ್ದೀರಾ?" ಆಮೇಲೆ ಯಂತ್ರವನ್ನು ಓಡಲು ಬಿಟ್ಟು ಇಬ್ಬರೂ ಸದ್ದಾಗದಂತೆ ಹೊರಗೆ ಬಂದೆವು. ಬಂಡೆಯ ನೆರಳಲ್ಲಿ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಒಳಗೆ ಮೌನ ರೆಕಾರ್ಡ್ ಆಗುತ್ತಿತ್ತು.

ತಿರುಗಿ ಹೋಗಿ, ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ ಕೇಳಿದೆವು. ನನ್ನ ದನಿ ಬಂತು, ನನಗೇ ನಾಚಿಕೆಯಾಯಿತು. ಗೋಡೆಯ ಮಾರುದನಿ ಬಂತು. ಆಮೇಲೆ ಬರೀ ಸುಯ್ಯೆನ್ನುವ ಸದ್ದು. ಅದರ ಅಡಿಯಿಂದ, ತುಂಬ ಆಳದಿಂದ, ಒಂದು ಹೆಣ್ಣುದನಿ ಮೇಲೆದ್ದಿತು.

"ಹುವಾ ಕ್ಯಾ? ದೂಧ್ ಚೂಲೇ ಪೋ ಹೈ."

ಆಯಿತೇನು, ಹಾಲು ಒಲೆಯ ಮೇಲಿದೆ. ಅಷ್ಟೆ. ನಾನು ಬರೆದ ಸುಳ್ಳು ನನ್ನ ಎದುರಿಗೆ ಬಾಯಿ ಬಿಟ್ಟಿತ್ತು. ಎದ್ದು ಓಡಬೇಕೆಂದುಕೊಂಡವನು ಮಾಬುಸಾಬರ ಮುಖ ನೋಡಿ ನಿಂತೆ. ಅವರ ಕೈ ಗುಂಡಿಯ ಮೇಲೆ ಹಾಗೇ ಇತ್ತು.

"ಖೈರೂನ್," ಅಂದರು. ಕರೆಯುವ ದನಿಯಲ್ಲ, ಗುರುತು ಹಿಡಿದ ದನಿ. ಕಣಜದ ಗೋಡೆಗಳು ಆ ಹೆಸರನ್ನು ಎರಡು ಸಲ ಹೇಳಿದವು.

ಸಂಜೆ ಅವರು ನನ್ನನ್ನು ಮನೆಯ ಮುಂದೆ ಇಳಿಸಿ, ರೆಕಾರ್ಡರನ್ನು ನನ್ನ ಕೈಯಿಂದ ತೆಗೆದುಕೊಂಡು ಹೋದರು.

ಮನೆಗೆ ಬಂದು ಮುಖ ತೊಳೆದುಕೊಳ್ಳುವಾಗ ನನಗೆ ಕಾರಣ ಹೊಳೆಯಿತು. ಸುಸ್ತಾದ ಹೆಡ್ಡು, ಒಣ ಬಟ್ಟೆ, ಸ್ಲೇಟು. ನನ್ನದೇ ಅಕ್ಷರದಲ್ಲಿ ಎಡಗಡೆಯಲ್ಲಿ ಬರೆದಿತ್ತು. ಗೆದ್ದವನಂತೆ ಮರುದಿನವೇ ಕೊಟ್ಟೂರಿಗೆ ಹೋಗಿ ಕೊಟ್ರೇಶನನ್ನು ಕೇಳಿದೆ. ಎರಡು ವರ್ಷದ ಹಿಂದೆ ಅದೇ ರೆಕಾರ್ಡರ್ ಮಾಬುಸಾಬರಲ್ಲಿ ರಿಪೇರಿಯಾಗಿತ್ತು. ಆಮೇಲೆ ಅವನು ಅದನ್ನು ಮುಟ್ಟಿರಲೇ ಇಲ್ಲ. ಕ್ಯಾಸೆಟ್ಟು ಆಗಿನಿಂದ ಅದರೊಳಗೇ ಇತ್ತು.

ತಿರುಗಿ ಬರುವ ಬಸ್ಸಿನಲ್ಲಿ, ಊರು ಅರ್ಧ ದಾರಿ ಇರುವಾಗ, ಉಳಿದ ಅರ್ಧ ಕಾರಣವೂ ಹೊಳೆಯಿತು. ಆಗ ಗೆಲುವೆಲ್ಲ ಇಳಿದುಹೋಯಿತು. ಖೈರೂನ್‌ಬೀಯ ದನಿ ಆ ಕ್ಯಾಸೆಟ್ಟಿನಲ್ಲಿ ಪೂರ್ತಿಯಾಗಿ, ಸ್ವಚ್ಛವಾಗಿ ಇತ್ತು. ಗುಡೇಕೋಟೆಗೆ ಹೊರಡುವ ಮೊದಲು ಒಂದು ಸಲ ಗುಂಡಿ ಒತ್ತಿ ಕೇಳಿದ್ದರೆ ಸಿಗುತ್ತಿತ್ತು. ನಾವು ಅದರ ಮೇಲೆ ಮೌನವನ್ನು ತುಂಬಿ ಅಳಿಸಿದ್ದೆವು. ನನ್ನ ಸಂಶೋಧನೆಗಾಗಿ.

ಇದನ್ನು ಮಾಬುಸಾಬರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕಿಂತ ನಾಚಿಕೆಗೇಡಿನ ಸಂಗತಿ ಇನ್ನೊಂದಿದೆ. ಅದೇ ವಾರ ಕೂತು ಆ ದೃಶ್ಯವನ್ನು ಬರೆದೆ. ಬಂಡೆಯೊಳಗಿನಿಂದ ಮೊದಲು ಬರುವುದು ರಾಜನ ಮಾತಲ್ಲ, ಯುದ್ಧದ ಕೂಗಲ್ಲ. ಹಾಲು ಒಲೆಯ ಮೇಲಿದೆ ಎನ್ನುವ ಒಬ್ಬ ಹೆಂಗಸಿನ ದನಿ. ಮೂರು ತಿಂಗಳಲ್ಲಿ ಬರೆದುದರಲ್ಲಿ ಅದೊಂದೇ ಚೆನ್ನಾಗಿತ್ತು. ಕೊಟ್ರೇಶ ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದ. "ಇದನ್ನ ಹೆಂಗ ಹೊಳಿಸಿಕೊಂಡಿಲೇ?" ಅಂದ. ನಾನು ಸುಮ್ಮನೆ ನಕ್ಕೆ.

ಮಾಬುಸಾಬರು ಆಮೇಲೆ ಪ್ರತಿ ಭಾನುವಾರ ಗುಡೇಕೋಟೆಗೆ ಹೋಗತೊಡಗಿದರು. ಊರಿನಲ್ಲಿ ಮಾತು ಶುರುವಾಯಿತು. ಅಂಗಡಿಯಲ್ಲಿ ಬಿಚ್ಚಿದ ರೇಡಿಯೋಗಳು ಬಿಚ್ಚಿದ ಹಾಗೇ ಬಿದ್ದಿದ್ದವು. ಗಿರಾಕಿಗಳು ಬೈದು ಒಯ್ಯುತ್ತಿದ್ದರು. ನಾನು ಆ ದಾರಿ ತಪ್ಪಿಸಿ ಶಾಲೆಗೆ ಹೋಗುತ್ತಿದ್ದೆ. ಐದನೆಯ ವಾರವೋ ಆರನೆಯ ವಾರವೋ ಅವರೇ ಮನೆಗೆ ಬಂದರು. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು.

"ಮಾಸ್ತರ, ಇವತ್ತು ನನ್ನ ಜೋಡಿ ಬರ್ರಿ," ಅಂದರು.

ಅದೇ ಹೊತ್ತು, ಅದೇ ಬಿಸಿಲು, ಅದೇ ಕತ್ತಲೆ. ಈ ಸಲ ಜೇಬಿನಿಂದ ಹೊಸ ಕ್ಯಾಸೆಟ್ಟು ತೆಗೆದು, ನನ್ನ ಕಣ್ಣೆದುರೇ ಮೇಲಿನ ಹಾಳೆ ಹರಿದು ಹಾಕಿದರು. ಗುಂಡಿ ಒತ್ತಿ ಹೊರಗೆ ಬಂದು ಕೂತೆವು. ಬಂಡೆಗಳು ಕಾದು ಎಲ್ಲೋ ಒಂದು ಸಲ ಟಪ್ಪೆಂದು ಸದ್ದು ಮಾಡಿದವು. ಒಳಗೆ ಹೋಗಿ ಕೇಳಿದೆವು. ಸುಯ್ಯೆನ್ನುವ ಸದ್ದು. ನಾನು ಸ್ಪೀಕರಿಗೆ ಕಿವಿ ಹಚ್ಚಿದೆ. ಏನೂ ಇರಲಿಲ್ಲ. ಆದರೆ ಅಷ್ಟು ಹೊತ್ತು ಕೇಳಿದರೆ ಏನೂ ಇಲ್ಲದಿರುವುದೂ ಒಂದು ಆಕಾರ ತಾಳತೊಡಗುತ್ತದೆ. ಯಾರೋ ಉಸಿರು ಎಳೆದುಕೊಂಡು ಮಾತಾಡುವ ಮೊದಲು ತಡೆದ ಹಾಗೆ.

"ಕೇಳಿಸ್ತೇನ್ರಿ?" ಮಾಬುಸಾಬರು ಕೇಳಿದರು.

ಅವರ ಕಣ್ಣು ನನ್ನ ಮೇಲಿತ್ತು. ಇಲ್ಲವೆಂದರೆ ಈ ಮನುಷ್ಯ ಇಲ್ಲೇ ಕುಸಿದುಬಿಡುತ್ತಾನೆ ಎನಿಸಿತು.

"ಕೇಳಿಸ್ತು," ಅಂದೆ.

"ಏನಂದ್ಲು?"

ಮೂರು ತಿಂಗಳು ಸಂಭಾಷಣೆ ಬರೆದ ಬಾಯಿ, ತಡವರಿಸಲಿಲ್ಲ. "'ಖಾನಾ ಖಾಯೇ?' ಅಂದ್ರು. ಊಟ ಆತೇನು ಅಂತ."

ಮಾಬುಸಾಬರು ರೆಕಾರ್ಡರನ್ನು ನಿಲ್ಲಿಸಿದರು.

"ಅಕಿ ಆ ಮಾತು ನನಗ ಯಾವತ್ತೂ ಕೇಳಿಲ್ರಿ. ನಾನು ಉಣ್ಣೋ ಮುಂದ ಎದುರಿಗೇ ಕುಂತಿರ್ತಿದ್ಲು. ಕೇಳೋದೇನೈತಿ?" ಆಮೇಲೆ ಮೆಲ್ಲಗೆ ಹೇಳಿದರು: "ನನಗೂ ಏನೂ ಕೇಳಿಸಿಲ್ಲ ಮಾಸ್ತರ. ಒಂದು ವಾರನೂ ಕೇಳಿಸಿಲ್ಲ. ನನ್ನ ಕಿವಿ ಕೆಟ್ಟಾವೇನೋ ಅಂತ ನಿಮ್ಮ ಕಿವಿ ಕರಕೊಂಡು ಬಂದಿದ್ದೆ."

ಅವರು ಬೈದಿದ್ದರೆ ಮಲಗಿದ ಮೇಲೆ ನಿದ್ದೆಯಾದರೂ ಬರುತ್ತಿತ್ತು.

ಆ ರಾತ್ರಿ ಕಳೆದು ಬೆಳಿಗ್ಗೆ ಎದ್ದವನೇ ಹಾಲಿನ ದೃಶ್ಯದ ಪುಟಗಳನ್ನು ಹರಿದು ಒಲೆಗೆ ಹಾಕಿದೆ. ಕೊಟ್ರೇಶನಿಗೆ ತಿಳಿದು ಸಿಟ್ಟಾದ. "ಜೀವಾನೇ ತೆಗೆದು ಹಾಕಿ, ಉಳಿದದ್ದನ್ನ ನನಗ ಕೊಟ್ರ ಏನು ಮಾಡ್ಲಿ?" ಅಂದ. ಅವನ ಮಾತು ಸರಿಯಾಗಿತ್ತು. ಪಿಚ್ಚರ್ ಆಗಲಿಲ್ಲ. ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದ, ಆಮೇಲೆ ತಾನೇ ಮರೆತು ಮಾತಾಡಿದ.

ಆದರೆ ಮುಂದಿನ ಭಾನುವಾರ ನಡೆದದ್ದನ್ನು ಹೇಳದೆ ಇದು ಮುಗಿಯುವುದಿಲ್ಲ. ಬೆಳಿಗ್ಗೆ ಮಾಬುಸಾಬರ ಅಂಗಡಿಗೆ ಹೋದೆ. ಅವರು ಗುಡೇಕೋಟೆಗೆ ಹೊರಟಿರಲಿಲ್ಲ; ಒಂದು ರೇಡಿಯೋ ಬಿಚ್ಚಿಕೊಂಡು ಕೂತಿದ್ದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಕೊಟ್ರೇಶನ ಕ್ಯಾಸೆಟ್ಟು, ಎರಡು ವರ್ಷದ ಹಿಂದಿನ ರಿಪೇರಿ, ಆಕೆಯ ದನಿ ಪೂರ್ತಿ ಇದ್ದದ್ದು, ನಾವು ಅಳಿಸಿದ್ದು, ನಾನು ಮುಚ್ಚಿಟ್ಟದ್ದು.

ಬೆಸುಗೆಯ ಹೊಗೆ ಆರುವವರೆಗೂ ಅವರು ತಲೆ ಎತ್ತಲಿಲ್ಲ.

"ಗೊತ್ತೈತ್ರಿ," ಅಂದರು. "ಅವತ್ತೇ ಗೊತ್ತಾಗೇತಿ. ನಾನು ಮೆಕ್ಯಾನಿಕ್ ಅಲ್ಲೇನು? ಗುಂಡಿ ಒತ್ತಿದವ ನಾನೇ."

"ಮತ್ತ ಪ್ರತಿ ವಾರ ಹೋಗ್ತಿದ್ರಲ್ಲ?"

"ಕಲ್ಲಿನಿಂದ ಬಂದಿತ್ತಂದ್ರ ನಾನು ಅಳಿಸಿಲ್ಲ ಅಂತ ಆಗ್ತಿತ್ತಲ್ರಿ."

ಅವರು ಎದ್ದು ಪರದೆಯ ಒಳಗೆ ಹೋಗಿ ಕೊಟ್ರೇಶನ ರೆಕಾರ್ಡರ್ ತಂದರು. ಒಳಗೆ ಅದೇ ಹಳೆಯ ಕ್ಯಾಸೆಟ್ಟಿತ್ತು. ಹೆಡ್‌ಫೋನನ್ನು ಸಿಕ್ಕಿಸಿ ನನ್ನ ಕಡೆ ಚಾಚಿದರು. ಒಂದು ಕಾಗದ, ಒಂದು ಪೆನ್ನು ಇಟ್ಟರು.

"ಇದರ ದನಿ ದಿನಾ ಸಣ್ಣಾಗಾಕ ಹತ್ತೇತಿ. ಒಂದು ದಿನ ಪೂರಾ ಹೋಗತೈತಿ. ಅದರಾಗ ಏನೈತೋ ಅಷ್ಟು ಬರದು ಕೊಡ್ರಿ. ಕೂಡಿಸಬ್ಯಾಡ್ರಿ, ಬಿಡಬ್ಯಾಡ್ರಿ."

ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಬರವಣಿಗೆ ಅದು. ನನ್ನ ನಾಟಕದ ದನಿ, ಅದರ ಮಾರುದನಿ, ಎಲ್ಲವನ್ನೂ ದಾಟಿ ಅಡಿಗೆ ಇಳಿಯಬೇಕಿತ್ತು. ಹದಿನೈದು ಇಪ್ಪತ್ತು ಸಲ ಹಿಂದಕ್ಕೆ ಓಡಿಸಿದೆ. ಬರೆಯುತ್ತ ಹೋದೆ: ಬಳೆಯ ಸದ್ದು. ಮೈಕು ಏನಕ್ಕೋ ತಾಗಿದ ಸದ್ದು. ಹುವಾ ಕ್ಯಾ. ಸಣ್ಣದೊಂದು ಬಿಡುವು. ದೂಧ್ ಚೂಲೇ ಪೋ ಹೈ. ಪಾತ್ರೆಯ ಸದ್ದು. ಆಮೇಲೆ ಸುಯ್ಯೆನ್ನುವುದು. ಪೆನ್ನು ಇಡುವವನಿದ್ದೆ. ಆಗ, ಎಲ್ಲಕ್ಕಿಂತ ಕೆಳಗೆ, ಇಷ್ಟು ಸಲ ಕೇಳಿದಾಗಲೂ ಕಿವಿಗೆ ಬೀಳದಿದ್ದ ಇನ್ನೊಂದು ಮಾತು ಸಿಕ್ಕಿತು. ಮತ್ತೆ ಕೇಳಿದೆ. ಮತ್ತೊಮ್ಮೆ ಕೇಳಿದೆ. ಪೆನ್ನನ್ನು ಕಾಗದಕ್ಕೆ ತಾಗಿಸಿ ನಿಲ್ಲಿಸಿದೆ.

"ಬರೀರಿ," ಅಂದರು ಮಾಬುಸಾಬರು.

'ಆ ಗಯೇ ಕ್ಯಾ?' ಎಂದು ಬರೆದೆ. ಬಂದಿರೇನು?

ಅವರು ಕಾಗದ ತೆಗೆದುಕೊಂಡು ಓದಿದರು. ಕೊನೆಯ ಸಾಲಿಗೆ ಬಂದು ನಿಂತರು.

"ಇದನ್ನ ಅಕಿ ಅವತ್ತು ಅಂದಿಲ್ಲ. ಹಾಲಿನ ಮಾತು ಮುಗದ ಕೂಡ್ಲೆ ನಾನು ಮಷೀನು ಬಂದ್ ಮಾಡೀನಿ. ಪರದೆದ ಈ ಕಡಿ ನಾನೇ ಕುಂತಿದ್ದೆ. ಬಂದಿರೇನು ಅಂತ ಯಾರಿಗೆ ಕೇಳ್ತಾಳ?"

"ನನಗ ಗೊತ್ತಿಲ್ರಿ," ಅಂದೆ. "ಕೇಳಿಸಿದ್ದು ಬರದೀನಿ."

"ಖರೇ ಕೇಳಿಸ್ತೇನ್ರಿ?"

"ಖರೇ."

ಅವರು ಹೆಡ್‌ಫೋನು ಹಾಕಿಕೊಳ್ಳಲಿಲ್ಲ. ನಾನು ಚಾಚಿದರೂ ತೆಗೆದುಕೊಳ್ಳಲಿಲ್ಲ. ನನ್ನ ಮುಖವನ್ನೇ, ಮೀಟರಿನ ಮುಳ್ಳು ನೋಡುವ ಹಾಗೆ, ಬಹಳ ಹೊತ್ತು ನೋಡಿದರು. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿನಲ್ಲಿಟ್ಟುಕೊಂಡರು. ರೆಕಾರ್ಡರಿನಿಂದ ಕ್ಯಾಸೆಟ್ಟನ್ನು ಹೊರಗೆ ತೆಗೆದು, ಅದರ ಬೆನ್ನಿನ ಮೇಲಿರುವ ಎರಡು ಸಣ್ಣ ಪ್ಲಾಸ್ಟಿಕ್ ತುಂಡುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಮೀಟಿ ಮುರಿದರು. ಒಂದು, ಆಮೇಲೆ ಇನ್ನೊಂದು. ಅವು ಮುರಿದ ಮೇಲೆ ಯಂತ್ರದ ರೆಕಾರ್ಡ್ ಮಾಡುವ ಗುಂಡಿ ಕೆಳಗೆ ಹೋಗುವುದಿಲ್ಲ.

"ಇನ್ನ ಇದರ ಮ್ಯಾಲ ಯಾರೂ ಏನೂ ತುಂಬಾಕ ಆಗಂಗಿಲ್ರಿ," ಅಂದರು. "ನಾನೂ ಅಷ್ಟ, ನೀವೂ ಅಷ್ಟ."